ಶಟಲ್ ಬಿಡಬೇಡ ಕಣೇ

ಪುಟ್ಟಿ,

ಭಾನುವಾರ ನೀನು ಹೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ನೀನು ಕ್ಯಾಬಿನಲ್ಲಿದ್ದೆ, ಮಧ್ಯೆ ಮಧ್ಯೆ ಆಫೀಸಿನ ಕಾಲ್ ಬೇರೆ ಬರುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಏಪ್ರಿಲ್‌ನ ಬೆಂಗಳೂರು 10ಕೆ, ಅದೇ ಹತ್ತು ಕಿಲೋಮೀಟರ್ ಓಟ ಮುಗಿಯುವ ತನಕ ಶಟಲ್ ನಿಲ್ಲಿಸಿಬಿಡುತ್ತೇನೆ, ಸಾಫ್ಟ್‌ವೇರ್ ಕೆಲಸದ ಮಧ್ಯೆ ಎರಡೂ ಆಗಲ್ಲ ಅಮ್ಮ ಅಂದೆಯಲ್ಲ. ಬಿಡಬೇಡ ಕಣೇ. ಓಡು, ಖುಷಿಯಾಗಿ ಓಡು. ಆದರೆ ಶಟಲ್ ಬಿಡಬೇಡ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ, ಮಧ್ಯಾಹ್ನ ಊಟ ಮಾಡುತ್ತಾ ಓದಿಕೋ.

ಓಟವನ್ನು ಯಾಕೆ ಆರಿಸಿಕೊಂಡೆ ಅಂತ ನನಗೆ ಗೊತ್ತು. ಅದಕ್ಕೆ ಲೆಕ್ಕ ಇದೆ. ಎಷ್ಟು ಕಿಲೋಮೀಟರ್, ಎಷ್ಟು ನಿಮಿಷ, ಎದೆಬಡಿತ ಎಷ್ಟು, ಎಲ್ಲ ಕೈಯಲ್ಲಿರುವ ವಾಚೇ ಹೇಳುತ್ತದೆ. ಬೆಳಗ್ಗೆಯಿಂದ ಸಂಜೆ ತನಕ ಟಿಕೆಟ್, ಅಂದರೆ ಒಪ್ಪಿಸಿದ ಕೆಲಸ, ಎಷ್ಟು ಮುಗಿಯಿತು, ಸರ್ವರ್ ಎಷ್ಟು ಮಿಲಿಸೆಕೆಂಡಿಗೆ ಉತ್ತರ ಕೊಟ್ಟಿತು ಅಂತ ನೋಡುವವಳಿಗೆ ಅದು ಹತ್ತಿರ ಅನ್ನಿಸುವುದು ಸಹಜ. ಆದರೆ ಆಫೀಸಿನಲ್ಲೂ ಅಂಕಿ, ಆಫೀಸು ಬಿಟ್ಟ ಮೇಲೂ ಅಂಕಿ ಅಂದರೆ ನಿನಗೆ ಬಿಡುವು ಎಲ್ಲಿ? ಗುರುವಾರದ ಡಬಲ್ಸ್ ಆಟದಲ್ಲಿ ನಿನ್ನನ್ನು ಯಾರೂ ಅಳೆಯುವುದಿಲ್ಲ. ನೀನು ಕೋರ್ಟಿಗೆ ಬರದಿದ್ದರೆ ಮೂರು ಜನ ಕೈಕಟ್ಟಿ ನಿಲ್ಲಬೇಕಾಗುತ್ತದೆ, ಅಷ್ಟೇ. ಆ ಮೂರು ಜನ ಕಾಯುತ್ತಿದ್ದಾರೆ ಅನ್ನುವುದು ಯಾವ ಅಲಾರಂಗಿಂತಲೂ ಗಟ್ಟಿ. ಶಾಲೆಯಲ್ಲಿ ನನ್ನ ಕೈಕೆಳಗೆ ಖೋಖೋ, ಥ್ರೋಬಾಲ್ ಆಡಿದ ಹುಡುಗಿಯರನ್ನು ಈಗಲೂ ಹಾಸನದ ಮಾರ್ಕೆಟ್‌ನಲ್ಲಿ, ಮದುವೆಮನೆಗಳಲ್ಲಿ ನೋಡುತ್ತಿರುತ್ತೇನೆ. ಇವತ್ತಿಗೂ ಏನಾದರೂ ಆಡುತ್ತಿರುವವರು ಜಿಲ್ಲಾ ಮಟ್ಟದಲ್ಲಿ ಮೆಡಲ್ ಗೆದ್ದವರೇ ಆಗಿರಬೇಕು ಅಂತೇನಿಲ್ಲ. ಆಡಲು ಜೊತೆ ಸಿಕ್ಕವರು ಅವರು. ಒಮ್ಮೆ ಜೊತೆ ತಪ್ಪಿತೋ, ಮತ್ತೆ ಹೊಸದಾಗಿ ಕೂಡಿಸಿಕೊಳ್ಳುವುದು ಬಹಳ ಕಷ್ಟ, ಅದೂ ಬೆಂಗಳೂರಿನಲ್ಲಿ, ಅದೂ ಹೆಣ್ಣುಮಕ್ಕಳಿಗೆ.

ಹೋದ ತಿಂಗಳು ರಿಲೀಸ್, ಅಂದರೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹೊರಬಿಡುವುದು, ಇದ್ದ ವಾರ ಏನಾಯಿತು ನೋಡು. ಬೆಳಗಿನ ಜಾವ ಮಲಗಿ ನಾಲ್ಕು ಗಂಟೆ ನಿದ್ದೆ ಮಾಡಿದೆ. ಆ್ಯಪ್ ಹೇಳಿತು ಅಂತ ಎದ್ದು ಎಂಟು ಕಿಲೋಮೀಟರ್ ಓಡಿದೆ. ಮಾರನೇ ದಿನ ಅದೇ ಶೂ ಹಾಕಿಕೊಂಡು ಶಟಲ್ ಆಡಿದೆ, ಹಿಮ್ಮಡಿ ನೋವು ಶುರುವಾಯಿತು. ಅದಕ್ಕೆ ನೀನು ಶಟಲ್ ಮೇಲೆ ತಪ್ಪು ಹೊರಿಸುತ್ತಿದ್ದೀಯ. ನನಗೆ ಹಾಗನ್ನಿಸುವುದಿಲ್ಲ. ಆಫೀಸಿನ ದಣಿವು ಬೇರೆ, ಓಟದ ದಣಿವು ಬೇರೆ ಅಂತ ದೇಹ ಎರಡು ಕಡೆ ಲೆಕ್ಕ ಇಡುವುದಿಲ್ಲ. ರಾತ್ರಿಯೆಲ್ಲ ಪ್ರೊಡಕ್ಷನ್, ಅಂದರೆ ಜನ ಬಳಸುತ್ತಿರುವ ಸಿಸ್ಟಮ್, ಕೆಟ್ಟಿದೆ ಅಂತ ಎದೆ ಹೊಡೆದುಕೊಂಡು ಕೂತವಳು ಬೆಳಗ್ಗೆ ಓಡಿದರೆ, ಅದು ಓಟದ ಪಟ್ಟಿಯಲ್ಲಿ ಬರೆದ ಎಂಟು ಕಿಲೋಮೀಟರ್ ಆಗಿರುವುದಿಲ್ಲ, ಅದಕ್ಕಿಂತ ಭಾರವಾಗಿರುತ್ತದೆ. ಪಟ್ಟಿ ಮಾಡಿದವರಿಗೆ ನಿನ್ನ ರಿಲೀಸ್ ಗೊತ್ತಿಲ್ಲವಲ್ಲ.

ಅದಕ್ಕೇ ನಾನು ಹೇಳುವುದು, ಪಟ್ಟಿಯನ್ನು ನೀನೇ ಮಾಡಿಕೋ, ಅದೂ ಆಫೀಸ್ ಕ್ಯಾಲೆಂಡರ್ ಪಕ್ಕದಲ್ಲಿ ಇಟ್ಟುಕೊಂಡು. ಕರೆದಾಗ ಕೆಲಸಕ್ಕೆ ಕೂರಬೇಕಾದ ಆನ್‌ಕಾಲ್ ಯಾವ ವಾರ, ರಿಲೀಸ್ ಯಾವ ವಾರ ಅಂತ ನಿನಗೆ ಮೊದಲೇ ಗೊತ್ತಿರುತ್ತದೆ ಅಲ್ವಾ? ಸಾಧಾರಣ ವಾರದಲ್ಲಿ ಎರಡು ದಿನ ಓಟ, ಎರಡು ದಿನ ಶಟಲ್, ಒಂದು ದಿನ ಕಾಲು ಸೊಂಟಕ್ಕೆ ಬಲ ಬರುವ ವ್ಯಾಯಾಮ. ರಿಲೀಸ್ ವಾರ ಬಂದರೆ ಒಂದು ಓಟ, ಒಂದು ಶಟಲ್ ಸಾಕು. ಆನ್‌ಕಾಲ್ ಇದ್ದಾಗ ದೂರ ಓಡಲು ಹೋಗಬೇಡ, ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಓಡುವುದು ಓಟವೂ ಅಲ್ಲ, ಕೆಲಸವೂ ಅಲ್ಲ. ಮನೆ ಹತ್ತಿರದ ಕೆರೆ ಸುತ್ತ ನಡೆ, ಇಲ್ಲ ಮೆಟ್ಟಿಲು ಹತ್ತಿ ಇಳಿ.

ಹಾಗೆ ಕಡಿಮೆ ಮಾಡಿದರೆ ಇಷ್ಟು ದಿನ ಮಾಡಿದ್ದೆಲ್ಲ ನೀರಿಗೆ ಹೋಗುತ್ತೆ ಅಂತ ನಿನಗೆ ಭಯ. ಹೋಗಲ್ಲ. 1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ರಾಬರ್ಟ್ ಹಿಕ್ಸನ್ ಅನ್ನುವವರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. 10 ವಾರ, ವಾರಕ್ಕೆ 6 ದಿನ ಜನರಿಗೆ ಜೋರಾಗಿ ಸೈಕಲ್ ತುಳಿಸಿ, ಓಡಿಸಿ ದಮ್ಮು ಬೆಳೆಸಿದರು. ಆಮೇಲೆ ಕೆಲವರಿಗೆ 4 ದಿನಕ್ಕೆ, ಕೆಲವರಿಗೆ 2 ದಿನಕ್ಕೆ ಇಳಿಸಿದರು. ಜೋರು ಮಾತ್ರ ಮೊದಲಿನಷ್ಟೇ. 15 ವಾರ ಕಳೆದರೂ ಬೆಳೆದ ದಮ್ಮು ಹೆಚ್ಚುಕಡಿಮೆ ಹಾಗೇ ಇತ್ತು, 2 ದಿನದವರಿಗೂ. ಗಳಿಸಲು ಬೇಕಾದಷ್ಟು ದುಡಿಮೆ ಉಳಿಸಿಕೊಳ್ಳಲು ಬೇಡ. ನಿನ್ನ ರಿಲೀಸ್ ವಾರ ಹದಿನೈದು ಇರುವುದಿಲ್ಲ, ಒಂದೋ ಎರಡೋ. ಆ ವಾರ ಕಡಿಮೆ ಓಡಿದೆ ಅಂತ ಮುಂದಿನ ವಾರ ಬಾಕಿ ತೀರಿಸಲು ಹೋಗುತ್ತೀಯಲ್ಲ, ಪೆಟ್ಟಾಗುವುದು ಅಲ್ಲಿ.

ಬಿಟ್ಟು ಬಿಟ್ಟು ಆಡಿದರೆ ಏನು ಪ್ರಯೋಜನ ಅಂತ ಕೇಳಬೇಡ. ಮಲ್ಲೇಶ್ವರದ ಕೆನರಾ ಯೂನಿಯನ್ ಮುಂದೆ ಎಷ್ಟೋ ಸಲ ಓಡಾಡಿದ್ದೀಯ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಅಲ್ಲಿ. ಅದು ಆಗ ಮದುವೆ ಮಾಡುವ ಹಾಲ್. ಮದುವೆ ಇದ್ದ ದಿನ ಆಟ ಇಲ್ಲ, ಹಾಲ್ ಖಾಲಿ ಇದ್ದ ದಿನ ಆಡಬೇಕು. ಹಾಗೆ ಕಲಿತವರು 1980ರಲ್ಲಿ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದರು. ನೀನೇನೂ ಆಲ್ ಇಂಗ್ಲೆಂಡ್ ಆಡಬೇಕಾಗಿಲ್ಲ. ಹಾಲ್ ಸಿಗದ ದಿನ ಬಂತು ಅಂತ ಅವರು ಆಟ ನಿಲ್ಲಿಸಲಿಲ್ಲ, ಅದನ್ನಷ್ಟೇ ನೋಡು.

ಈಗ ಹಿಮ್ಮಡಿ ವಿಷಯ, ಇದನ್ನು ಗಮನವಿಟ್ಟು ಓದು. ಬೆಳಗ್ಗೆ ಹಾಸಿಗೆಯಿಂದ ಇಳಿದ ಕೂಡಲೇ ಹಿಮ್ಮಡಿ ಮೇಲೆ ಬಿಗಿದುಕೊಂಡಂತಾಗುತ್ತೆ, ಹತ್ತು ಹೆಜ್ಜೆ ನಡೆದ ಮೇಲೆ ಸಡಿಲ ಆಗುತ್ತೆ ಅಂದೆ. ಅಲ್ಲಿರುವ ದಪ್ಪ ಸ್ನಾಯುರಜ್ಜು, ಅಕಿಲಿಸ್ ಅಂತಾರಲ್ಲ, ಅದು. ಓಡಲು ಶುರು ಮಾಡಿದರೆ ಕೆಲವೇ ವಾರದಲ್ಲಿ ಉಸಿರು ಸಾಕಾಗುತ್ತದೆ, ತೊಡೆಗೂ ಬಲ ಬರುತ್ತದೆ. ಈ ರಜ್ಜು ಮಾತ್ರ ನಿಧಾನ, ಅದಕ್ಕೆ ತಿಂಗಳುಗಟ್ಟಲೆ ಬೇಕು. ಓಡಬಲ್ಲೆ ಅಂತ ಎದೆ ಹೇಳುತ್ತೆ, ರಜ್ಜು ಇನ್ನೂ ತಯಾರಾಗಿರುವುದಿಲ್ಲ. ಅದರ ಮೇಲೆ ದಿನವಿಡೀ ಕುರ್ಚಿಯಲ್ಲಿ ಕೂತು, ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಇನ್ನೊಂದು ಗಂಟೆ ಕೂತು, ಕ್ಯಾಬಿನಿಂದ ಇಳಿದವಳೇ ಕೋರ್ಟಿಗಿಳಿದು ಸ್ಮಾಶ್ ಹೊಡೆದರೆ ಹೇಗೆ? ಹಿಂದಕ್ಕೆ ಹೆಜ್ಜೆ ಹಾಕಿ ಥಟ್ಟನೆ ಮುಂದಕ್ಕೆ ಚಿಮ್ಮುವ ಹೊತ್ತಿಗೆ ಇಡೀ ಮೈಭಾರ ಆ ರಜ್ಜಿನ ಮೇಲೆ ಬೀಳುತ್ತದೆ.

ಇದಕ್ಕೆ ಒಂದು ಒಳ್ಳೆಯ ವ್ಯಾಯಾಮ ಇದೆ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ ಅನ್ನುವ ಮೂಳೆ ಡಾಕ್ಟರಿಗೇ ಈ ನೋವು ಇತ್ತಂತೆ, ಅವರೂ ಓಡುವವರು. ಆಪರೇಷನ್ ಮಾಡಿ ಅಂದರೆ ಅವರ ಮೇಲಿನವರು ಒಪ್ಪಲಿಲ್ಲ. ರಜ್ಜು ಪೂರ್ತಿ ಹರಿದರಾದರೂ ಆಪರೇಷನ್ ಮಾಡುತ್ತಾರಲ್ಲ ಅಂತ ಬೇಕೆಂದೇ ಅದರ ಮೇಲೆ ಜಾಸ್ತಿ ಜಾಸ್ತಿ ಭಾರ ಹಾಕಿದರು. ಹರಿಯುವ ಬದಲು ನೋವೇ ಹೋಯಿತು. ಆಮೇಲೆ ಅದನ್ನೇ 15 ಓಟಗಾರರಿಗೆ 12 ವಾರ ಮಾಡಿಸಿ 1998ರಲ್ಲಿ ಪ್ರಕಟಿಸಿದರು, ಅವರೆಲ್ಲ ಮತ್ತೆ ಓಡಿದರು. ಮಾಡುವುದು ಹೀಗೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ ನಿಲ್ಲು, ಹಿಮ್ಮಡಿ ಗಾಳಿಯಲ್ಲಿರಲಿ, ಗೋಡೆ ಹಿಡಿದುಕೋ. ಎರಡೂ ಕಾಲಿನಿಂದ ಮೇಲೇಳು. ನೋಯದ ಕಾಲು ಎತ್ತಿಬಿಟ್ಟು, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲಿಗಿಂತ ಕೆಳಗೆ ಇಳಿಸು. ಮೊಣಕಾಲು ನೇರ ಇಟ್ಟು 15ರಂತೆ ಮೂರು ಸಲ, ಸ್ವಲ್ಪ ಮಡಿಸಿ 15ರಂತೆ ಮೂರು ಸಲ, ಬೆಳಗ್ಗೆ ಸಂಜೆ ಎರಡು ಹೊತ್ತು. ಸ್ವಲ್ಪ ನೋವಾದರೆ ಪರವಾಗಿಲ್ಲ. ಎರಡು ದಿನ ಮಾಡಿ ಗುಣ ಕಾಣಲಿಲ್ಲ ಅಂತ ಬಿಡಬೇಡ, ಮೂರು ತಿಂಗಳಿನ ಕೆಲಸ ಅದು. ಮೊದಲು ಒಂದು ಸಲ ಫಿಸಿಯೋಗೆ ತೋರಿಸಿಕೊಂಡು ಶುರು ಮಾಡು. ಆಡುವಾಗ ಯಾರೋ ಹಿಂದಿನಿಂದ ಹಿಮ್ಮಡಿಗೆ ಒದ್ದ ಹಾಗೆ ಟಪ್ ಅಂತೇನಾದರೂ ಅನ್ನಿಸಿದರೆ ಮಾತ್ರ ಮನೆಗೆ ಹೋಗಿ ಐಸ್ ಇಟ್ಟುಕೊಂಡು ಕೂರಬೇಡ, ಅವತ್ತೇ ಆಸ್ಪತ್ರೆಗೆ ಹೋಗು.

ಶೂ ಬೇರೆ ತಗೋ. ಓಟದ ಶೂನಲ್ಲಿ ಶಟಲ್ ಆಡಬಾರದು. ಓಟದ ಶೂ ನೇರ ಮುಂದಕ್ಕೆ ಹೋಗಲು ಮಾಡಿದ್ದು, ಹಿಮ್ಮಡಿ ಎತ್ತರ, ಸೋಲ್ ಮೆತ್ತಗೆ. ಅದನ್ನು ಹಾಕಿಕೊಂಡು ಪಕ್ಕಕ್ಕೆ ಜಿಗಿದರೆ ಪಾದ ಹೊರಳುತ್ತದೆ. ಶಟಲ್ ಶೂನ ಸೋಲ್ ತೆಳ್ಳಗಿರುತ್ತೆ, ನೆಲ ಕಚ್ಚಿ ಹಿಡಿಯುತ್ತೆ, ಪಕ್ಕಕ್ಕೆ ಗಟ್ಟಿ ಇರುತ್ತೆ. ಅಂಗಡಿಯಲ್ಲಿ ನೆಲಕ್ಕೆ ಗುರುತು ಬೀಳದ ಶೂ, ನಾನ್ ಮಾರ್ಕಿಂಗ್ ಅಂತ ಕೇಳು. ಹಾಗೇ ಒಳ್ಳೆಯ ಸ್ಪೋರ್ಟ್ಸ್ ಬ್ರಾ ಎರಡು ತಗೋ, ಇದರಲ್ಲಿ ಕಾಸು ನೋಡಬೇಡ. ನಮ್ಮ ಕಾಲದಲ್ಲಿ ಅದು ಸಿಗುತ್ತಿರಲಿಲ್ಲ, ಅಷ್ಟಕ್ಕೇ ಎಷ್ಟೋ ಹುಡುಗಿಯರು ಹೈಸ್ಕೂಲಿಗೆ ಬರುತ್ತಲೇ ಆಟ ಬಿಟ್ಟರು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಸುಮ್ನೆ ಹೊಟ್ಟೆನೋವು ಟೀಚರ್ ಅಂತ ಹೇಳಿ ಮರದ ಕೆಳಗೆ ಕೂರುತ್ತಿದ್ದರು.

ರಾತ್ರಿ ಒಂಬತ್ತೂವರೆ ಸ್ಲಾಟ್ ಬಿಟ್ಟುಬಿಡು. ಆಡಿ ಮುಗಿಸಿ, ಮನೆಗೆ ಬಂದು, ಸ್ನಾನ ಮಾಡಿ, ಊಟ ಮಾಡುವ ಹೊತ್ತಿಗೆ ಹನ್ನೆರಡು. ಮೈ ಇನ್ನೂ ಬಿಸಿ ಇರುತ್ತೆ, ತಲೆ ಇನ್ನೂ ಕೋರ್ಟಿನಲ್ಲೇ ಇರುತ್ತೆ, ನಿದ್ದೆ ಎಲ್ಲಿ ಬರುತ್ತೆ? ಜೊತೆಯವರನ್ನು ಕೇಳಿ ಬೆಳಗ್ಗೆ ಆರಕ್ಕೆ ಇಟ್ಟುಕೊಳ್ಳಿ, ಇಲ್ಲ ಸಂಜೆ ಏಳಕ್ಕೆ. ಆಟಕ್ಕೆ ಹುಮ್ಮಸ್ಸು ಬರಲಿ ಅಂತ ಸಂಜೆ ಆರಕ್ಕೆ ಫಿಲ್ಟರ್ ಕಾಫಿ ಕುಡಿಯುತ್ತೀಯಲ್ಲ, ಅದರ ಅರ್ಧ ಕೆಫೀನ್ ಹನ್ನೊಂದು ಗಂಟೆಗೂ ಮೈಯಲ್ಲೇ ಇರುತ್ತದೆ.

ಸಂಜೆ ಏಳಕ್ಕೆ ಆಟ ಅಂದರೆ ಆರಕ್ಕೆ ಎದ್ದು ಹೊರಡಬೇಕು, ಎಲ್ಲರೂ ಕೂತಿರುವಾಗ ನಾನೊಬ್ಬಳೇ ಹೇಗೆ ಹೋಗಲಿ ಅನ್ನುತ್ತೀಯ. ಹೋಗು. ಅಮೆರಿಕದವರ ಜೊತೆ ರಾತ್ರಿ ಹತ್ತಕ್ಕೆ ಕಾಲ್‌ನಲ್ಲಿ ಕೂರುತ್ತೀಯಲ್ಲ, ಆ ಗಂಟೆ ಯಾರ ಲೆಕ್ಕದಲ್ಲಿದೆ? ಕ್ಯಾಲೆಂಡರಿನಲ್ಲಿ ಗುರುವಾರ ಸಂಜೆಯನ್ನು ಬ್ಲಾಕ್ ಮಾಡಿ ಶಟಲ್ ಅಂತಲೇ ಬರೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಅಂತ ಸುಳ್ಳು ಬರೆಯಬೇಡ. ನಿನ್ನ ಟೀಮಿಗೆ ಹೊಸದಾಗಿ ಬಂದ ಆ ಇಬ್ಬರು ಹುಡುಗಿಯರು ಅದನ್ನು ನೋಡಲಿ, ಆಟಕ್ಕೆ ಅಂತ ಎದ್ದು ಹೋಗಬಹುದು ಅಂತ ಅವರಿಗೂ ಗೊತ್ತಾಗಲಿ.

ಊಟದ ವಿಷಯ ಬಿಡುವ ಹಾಗಿಲ್ಲ. ಈಚೆಗೆ ಮೆಟ್ಟಿಲು ಹತ್ತಿದರೂ ಸುಸ್ತು ಅನ್ನುತ್ತಿದ್ದೀಯ. ಎಲ್ಲ ಸುಸ್ತನ್ನೂ ಕೆಲಸದ ಮೇಲೆ ಹಾಕಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ. ಸಾಫ್ಟ್‌ವೇರ್ ಕೆಲಸ, ಒಳ್ಳೆ ಸಂಬಳ ಇದ್ದವರಿಗೆ ಬರಲ್ಲ ಅಂತೇನೂ ಇಲ್ಲ. ಬೆಳಗ್ಗೆ ಏನೂ ತಿನ್ನದೆ, ಮಧ್ಯಾಹ್ನ ಕೆಫೆಟೇರಿಯಾದ ಅನ್ನ, ರಾತ್ರಿ ಆರ್ಡರ್ ಮಾಡಿದ ನೂಡಲ್ಸ್ ಅಂದರೆ ಯಾವ ಓಟಕ್ಕೂ ಮೈ ಒಗ್ಗುವುದಿಲ್ಲ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ನೀನು ಎಷ್ಟು ಓಡಿದರೂ ಉಸಿರು ಸಾಲುವುದಿಲ್ಲ. ಹುರಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಮೇಲೆ ನಿಂಬೆರಸ ಹಿಂಡಿಕೋ, ಕಬ್ಬಿಣಾಂಶ ಮೈಗೆ ಹತ್ತಲು ಅದು ಬೇಕು. ಊಟ ಆದ ಕೂಡಲೇ ಟೀ ಕಾಫಿ ಬೇಡ, ಅದು ಕಬ್ಬಿಣ ಹತ್ತಲು ಬಿಡುವುದಿಲ್ಲ. ಆಡಿ ಬಂದ ಮೇಲೆ ಎರಡು ಮೊಟ್ಟೆ ಬೇಯಿಸಿಕೊಂಡರೆ 12 ಗ್ರಾಂ ಪ್ರೋಟೀನ್ ಆಯಿತು, ಅದಕ್ಕೆ ಡಬ್ಬದ ಪುಡಿ ಬೇಕಾಗಿಲ್ಲ. ಮುದ್ದೆಗೆ ಹಿಟ್ಟು ಅಪ್ಪ ಮಿಲ್ ಮಾಡಿಸಿಟ್ಟಿದ್ದಾರೆ, ಮುಂದಿನ ವಾರ ಬರುವವರ ಕೈಯಲ್ಲಿ ಕಳಿಸುತ್ತೇನೆ.

ಇನ್ನು ಒಂದು ಗಂಟೆಯೊಳಗೆ 10ಕೆ ಮುಗಿಸುವ ಗುರಿ. ಅದನ್ನು ಈ ವರ್ಷ ಇಟ್ಟುಕೊಳ್ಳಬೇಡ ಅಂತ ನನ್ನ ಮಾತು. ಆ ಓಟ 2008ರಿಂದ ನಡೆಯುತ್ತಿದೆ, ಮುಂದಿನ ವರ್ಷವೂ ಇರುತ್ತದೆ. ಈ ಸಲ ಹಿಮ್ಮಡಿ ನೋಯದ ಹಾಗೆ ಕೊನೆ ತನಕ ಓಡು. ಬೇಕಾದರೆ ಮಧ್ಯೆ ನಡೆ. ಅಪ್ಪನೂ ನಾನೂ ಹಿಂದಿನ ದಿನವೇ ಬರುತ್ತೇವೆ, ಕಬ್ಬನ್ ಪಾರ್ಕ್ ಕಡೆ ಎಲ್ಲಿ ನಿಂತರೆ ನೀನು ಕಾಣುತ್ತೀಯ ಅಂತ ಮೊದಲೇ ಹೇಳಿರು.

ಈ ಶನಿವಾರ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬಾ, ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್, ವಿಟಮಿನ್ ಡಿ, ಬಿ12 ನಾಲ್ಕೂ ಮಾಡಿಸು, ರಿಪೋರ್ಟ್ ಬಂದ ಕೂಡಲೇ ನನಗೆ ವಾಟ್ಸಾಪ್ ಮಾಡು. ಶಟಲ್ ಗುಂಪಿನವರಿಗೆ ಮಾತ್ರ ಇವತ್ತೇ ಮೆಸೇಜ್ ಹಾಕು, ನಿನ್ನ ಜಾಗಕ್ಕೆ ಬೇರೆ ಯಾರನ್ನಾದರೂ ಸೇರಿಸಿಕೊಂಡುಬಿಟ್ಟಾರು. ಹಿಮ್ಮಡಿ ಸರಿಹೋಗುವ ತನಕ ಜಿಗಿಯಲ್ಲ, ನೆಟ್ ಹತ್ತಿರ ನಿಂತು ಆಡುತ್ತೇನೆ, ಹಿಂದೆ ನೀವು ನೋಡಿಕೊಳ್ಳಿ ಅಂತ ಹೇಳು. ಒಪ್ಪುತ್ತಾರೆ.

ಇಂತಿ,
ಅಮ್ಮ