ಸಿರಿಲ್ ಡೇವಿಸ್ ಹೆಸರನ್ನು ಬಿಟ್ಟದ್ದು ಸರಿಯಲ್ಲ

ಮಾನ್ಯ ಸಂಪಾದಕರೇ,

ಬ್ರಿಟಿಷ್ ರಾಕ್ ಸಂಗೀತ ಹುಟ್ಟಿಬಂದ ಬಗೆ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ರೋಲಿಂಗ್ ಸ್ಟೋನ್ಸ್ ಇದ್ದಾರೆ, ಎರಿಕ್ ಕ್ಲ್ಯಾಪ್ಟನ್ ಇದ್ದಾರೆ, ಬ್ಲೂಸ್ ಗಿಟಾರ್ ವಾದಕ ಅಲೆಕ್ಸಿಸ್ ಕಾರ್ನರ್ ಕೂಡ ಒಂದು ಸಾಲಿನಲ್ಲಿ ಬಂದುಹೋಗುತ್ತಾರೆ. ಕಾರ್ನರ್ ಜೊತೆಗಾರ, ಮೌತ್ ಆರ್ಗನ್ (ಹಾರ್ಮೋನಿಕಾ) ವಾದಕ ಸಿರಿಲ್ ಡೇವಿಸ್ ಮಾತ್ರ ಎಲ್ಲೂ ಇಲ್ಲ. ದಾವಣಗೆರೆಯಲ್ಲಿ ಗ್ಯಾರೇಜ್ ಇಟ್ಟುಕೊಂಡು ಸಂಜೆ ಹೊತ್ತು ಮೌತ್ ಆರ್ಗನ್ ನುಡಿಸುವವನು ನಾನು. ಇದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ಡೇವಿಸ್ ನನ್ನದೇ ಕಸುಬಿನವರು. ಲಂಡನ್ನಿನ ಸೌತ್ ಹ್ಯಾರೋದಲ್ಲಿ ಗುದ್ದಿಸಿಕೊಂಡು ಬಂದ ಕಾರುಗಳ ಟಿಂಕರಿಂಗ್ ಅವರ ಹೊಟ್ಟೆಪಾಡು. ಮೊದಲು ಬ್ಯಾಂಜೊ, ಹನ್ನೆರಡು ತಂತಿಯ ಗಿಟಾರ್ ನುಡಿಸುತ್ತಿದ್ದರು. ಸೋಹೋದ ವಾರ್ಡರ್ ಸ್ಟ್ರೀಟ್‌ನ ಪಬ್ಬೊಂದರ ಮಹಡಿಯಲ್ಲಿ ಸ್ಕಿಫಲ್ (ಗಿಟಾರ್, ಮನೆಯಲ್ಲೇ ಮಾಡಿಕೊಂಡ ವಾದ್ಯಗಳ ಸರಳ ಜನಪದ ಸಂಗೀತ) ಕ್ಲಬ್ ನಡೆಸುತ್ತಿದ್ದರು. ಅದು ಬೇಸರವಾಗಿ, 1957ರಲ್ಲಿ ಅದೇ ಕೋಣೆಯಲ್ಲಿ ಕಾರ್ನರ್ ಜೊತೆ ಸೇರಿ ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ಗೆಂದೇ ಕ್ಲಬ್ ತೆರೆದರು. ಷಿಕಾಗೋದಿಂದ ಬಂದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ 1958ರಲ್ಲಿ ಅಲ್ಲಿ ಹಾಡಿದ್ದರು. 1962ರ ಮಾರ್ಚ್ 17ರಂದು ಈಲಿಂಗ್ ರೈಲು ನಿಲ್ದಾಣದ ಎದುರಿನ ನೆಲಮಾಳಿಗೆಯಲ್ಲಿ ಇಬ್ಬರೂ 'ಬ್ಲೂಸ್ ಇನ್‌ಕಾರ್ಪೊರೇಟೆಡ್' ತಂಡದೊಂದಿಗೆ ಶುರುಮಾಡಿದ ಕ್ಲಬ್ಬಿನಲ್ಲೇ ಮಿಕ್ ಜಾಗರ್, ಕೀತ್ ರಿಚರ್ಡ್ಸ್‌ಗೆ ಬ್ರಯಾನ್ ಜೋನ್ಸ್ ಸಿಕ್ಕಿದ್ದು. ಆ ತಂಡದ ಡ್ರಮ್ಮರ್ ಆಗಿದ್ದವರು ಚಾರ್ಲಿ ವಾಟ್ಸ್. ಈ ನಾಲ್ವರೂ ಮುಂದೆ ರೋಲಿಂಗ್ ಸ್ಟೋನ್ಸ್‌ನವರು.

ಇನ್ನು ಅವರ ಮೌತ್ ಆರ್ಗನ್ ವಾದನ. ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಟ್ರೆಮೊಲೊ ಮೌತ್ ಆರ್ಗನ್‌ನಲ್ಲಿ ಸ್ವರ ಬಗ್ಗಿಸುವುದು ಬಲು ಕಷ್ಟ. ಡೇವಿಸ್ ಹಿಡಿದದ್ದು ಹತ್ತು ರಂಧ್ರದ ಪುಟ್ಟ ವಾದ್ಯ. ಅದರ ಪ್ರತಿ ರಂಧ್ರದಲ್ಲೂ ಊದುವುದಕ್ಕೊಂದು, ಎಳೆಯುವುದಕ್ಕೊಂದು ರೀಡ್, ಅಂದರೆ ಉಸಿರಿಗೆ ಕಂಪಿಸುವ ತೆಳು ಲೋಹದ ಪಟ್ಟಿ. ಸಿ ಶ್ರುತಿಯ ವಾದ್ಯ ಹಿಡಿದು ಜಿ ಶ್ರುತಿಯಲ್ಲಿ ನುಡಿಸಿದರೆ ಮುಖ್ಯ ಸ್ವರಗಳೆಲ್ಲ ಎಳೆಯುವ ಉಸಿರಿಗೆ ಬಂದು ಕೂರುತ್ತವೆ. ಎಳೆಯುತ್ತಲೇ ನಾಲಿಗೆಯನ್ನು ಹಿಂದಕ್ಕೆ ಸರಿಸಿ ಬಾಯೊಳಗಿನ ಜಾಗ ಹಿಗ್ಗಿಸಬೇಕು. ಆಗ ಸ್ವರ ಜಾರಿ ಇಳಿಯುತ್ತದೆ. ನಾಲ್ಕನೇ ರಂಧ್ರದಲ್ಲಿ ಅರ್ಧ ಸ್ವರ, ಮೂರನೆಯದರಲ್ಲಿ ಒಂದೂವರೆ ಸ್ವರದವರೆಗೆ. ಹಿಂದೂಸ್ತಾನಿ ಕೇಳುವವರಿಗೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ನೆನಪಾಗದೆ ಇರದು. ಇದರ ಮೇಲೆ ಮೈಕನ್ನೂ ವಾದ್ಯವನ್ನೂ ಒಂದೇ ಬೊಗಸೆಯಲ್ಲಿ ಅದುಮಿ ಹಿಡಿದರೆ ಷಿಕಾಗೋ ಶೈಲಿಯ ಆ ಒರಟು, ತುಂಬು ನಾದ. ಇದನ್ನು ಇಂಗ್ಲೆಂಡಿನ ವೇದಿಕೆಗೆ ತಂದವರಲ್ಲಿ ಡೇವಿಸ್ ಮೊದಲಿಗರು.

ಪಟ್ಟು ಬಿಡದ ಮನುಷ್ಯ. ಕಾರ್ನರ್ ಸ್ಯಾಕ್ಸೊಫೋನ್, ಜಾಝ್ ಕಡೆ ವಾಲಿದಾಗ 1962ರ ಕೊನೆಯಲ್ಲಿ ಹೊರಬಂದು ತಮ್ಮದೇ 'ಆಲ್ ಸ್ಟಾರ್ಸ್' ಕಟ್ಟಿದರು. ಮರುವರ್ಷ ಪೈ ರೆಕಾರ್ಡ್ ಕಂಪನಿ ಹೊರತಂದ ಅವರ 'ಕಂಟ್ರಿ ಲೈನ್ ಸ್ಪೆಷಲ್' ಕೇಳಿ ನೋಡಿ: ಅಷ್ಟೂ ಹೊತ್ತು ಹಾರ್ಮೋನಿಕಾ ರೈಲಿನ ಓಟದಲ್ಲಿ ನುಗ್ಗುತ್ತದೆ, ಪಿಯಾನೋದಲ್ಲಿ ಇನ್ನೂ ಹತ್ತೊಂಬತ್ತರ ಆಸುಪಾಸಿನಲ್ಲಿದ್ದ ನಿಕಿ ಹಾಪ್ಕಿನ್ಸ್. 1964ರ ಜನವರಿ 7ರಂದು ಡೇವಿಸ್ ತೀರಿಕೊಂಡಾಗ ವಯಸ್ಸು ಬರೀ 31. ತಂಡವನ್ನು ಅದರ ಗಾಯಕ ಲಾಂಗ್ ಜಾನ್ ಬಾಲ್ಡ್ರಿ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಅದಕ್ಕೇ ಬಂದು ಸೇರಿದ ಹುಡುಗ, ಮುಂದೆ ಹೆಸರಾಂತ ಗಾಯಕನಾದ ರಾಡ್ ಸ್ಟೀವರ್ಟ್.

ಉಳಿದಿರುವ ಧ್ವನಿಮುದ್ರಣ ಕಡಿಮೆ, ನಿಜ. ಆದರೆ ಒಬ್ಬರ ಪಾಲನ್ನು ಅಳೆಯಲು ರೆಕಾರ್ಡುಗಳ ಸಂಖ್ಯೆಯೊಂದೇ ಸಾಕೆ? ಪುರವಣಿಯಲ್ಲಿ ಅವರಿಗೆಂದೇ ಒಂದು ಬರಹ ಬರಲಿ. ಅವರ ಚಿತ್ರವನ್ನೂ ದಯವಿಟ್ಟು ಹಾಕಿ.

ಇತಿ,
ನಿಮ್ಮ ಓದುಗ, ದಾವಣಗೆರೆ