ಆಂಪ್ಲಿಫೈಯರ್ ಮಾರಾಟದ ಕ್ರಮದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರಗಳು. ತಾವೇ ಸ್ಪೀಕರ್ ಬಾಕ್ಸ್ ಕಟ್ಟಿಕೊಂಡು ಮೈಕ್ ಸೆಟ್ ನಡೆಸುವವರಿಗೆ ನಾವು ಆಂಪ್ಲಿಫೈಯರ್ ಕೊಡುವ ಕ್ರಮವು ಬರುವ ತಿಂಗಳ 1ನೇ ತಾರೀಕಿನಿಂದ ಬದಲಾಗುತ್ತದೆ. ‘ಸಾವಿರ ವ್ಯಾಟಿನದೊಂದು ಕೊಡಿ’ ಎಂದಷ್ಟೇ ಕೇಳಿದರೆ ಇನ್ನು ಮುಂದೆ ಕೊಡುವುದಿಲ್ಲ. ಸ್ಪೀಕರ್ ಎಷ್ಟು ಓಮಿನದು (ಕರೆಂಟಿಗೆ ಅದು ಒಡ್ಡುವ ತಡೆ ಎಷ್ಟು), ತಯಾರಕರು ಅದಕ್ಕೆ ಹೇಳಿರುವ ಆರ್‌ಎಂಎಸ್ ವ್ಯಾಟ್ (ಎಡೆಬಿಡದೆ ತಾಳಬಲ್ಲ ಶಕ್ತಿ) ಎಷ್ಟು, ಆಂಪ್ಲಿಫೈಯರಿನ ಒಂದು ಚಾನೆಲ್ಲಿಗೆ ಎಷ್ಟು ಬಾಕ್ಸ್ ಜೋಡಿಸುತ್ತೀರಿ, ಕೇಬಲ್ ಎಷ್ಟು ಉದ್ದ ಎಂಬುದನ್ನು ಕೇಳಿ ಬಿಲ್ಲಿನಲ್ಲಿಯೇ ಬರೆದುಕೊಳ್ಳುತ್ತೇವೆ. 2 ಓಮ್ ಲೋಡಿಗೆ (ಒಂದು ಚಾನೆಲ್ಲಿನ ಬಾಕ್ಸುಗಳೆಲ್ಲ ಸೇರಿ 2 ಓಮ್ ಆಗುವ ಜೋಡಣೆಗೆ) ಹಾಕಿದ ಆಂಪ್ಲಿಫೈಯರಿಗೆ ವಾರಂಟಿ ಇರುವುದಿಲ್ಲ. ಸಬ್‌ವೂಫರಿಗೆಂದು (ಬೇಸ್ ಮಾತ್ರ ನುಡಿಸುವ ಸ್ಪೀಕರಿಗೆಂದು) ಕೊಡುವ ಪ್ರತಿಯೊಂದು ಆಂಪ್ಲಿಫೈಯರಿನ ಒಳಗೂ ಹೈ ಪಾಸ್ ಫಿಲ್ಟರ್ (ತೀರಾ ಕೆಳಗಿನ ಸ್ವರಗಳನ್ನು ತಡೆಯುವುದು) ಮತ್ತು ಲಿಮಿಟರ್ (ಶಕ್ತಿ ಮಿತಿ ಮೀರದಂತೆ ತಡೆಯುವುದು) ಇರುತ್ತವೆ, ಮತ್ತು ಅದಕ್ಕೆ ತಕ್ಕಂತೆ ಬೆಲೆಯೂ ಏರುತ್ತದೆ. ಗಣೇಶನ ಹಬ್ಬದ ಕೆಲಸ ಕೂಡಿಬರುವ ಹೊತ್ತಿನಲ್ಲಿಯೇ ಇದನ್ನು ತಿಳಿಸಬೇಕಾಗಿ ಬಂದುದಕ್ಕೆ ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ.

ಈಚೆಗೆ ಅಂಗಡಿಗೆ ಬಂದವರಲ್ಲಿ ಅನೇಕರು ಒಂದೇ ಮಾತನ್ನು ಹೇಳುತ್ತಿದ್ದಾರೆ. ‘ಬೇರೆ ಕಡೆ 4000 ವ್ಯಾಟಿನದು ಅರ್ಧ ಬೆಲೆಗೆ ಸಿಗುತ್ತದೆ, ನೀವು 500 ವ್ಯಾಟಿಗೆ ಇಷ್ಟು ಹೇಳುತ್ತೀರಲ್ಲ?’ ಬಹಳ ಕಾಲದಿಂದ ನಮ್ಮಲ್ಲಿಗೆ ಬರುವವರ ಬಾಯಿಂದಲೇ ಇದನ್ನು ಕೇಳುವಾಗ ನೋವಾಗುತ್ತದೆ. ಆದ್ದರಿಂದ ಇದಕ್ಕೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರ ಕೊಡುತ್ತೇವೆ.

ಆಂಪ್ಲಿಫೈಯರಿನ ಶಕ್ತಿ ಅದರ ಮುಖದ ಮೇಲೆ ಅಚ್ಚಾದ ಅಂಕಿಯಿಂದ ಬರುವುದಿಲ್ಲ; ಬೋರ್ಡಿಗೆ ಸಿಗುವ ಡಿಸಿ ವೋಲ್ಟೇಜಿನಿಂದ ಮತ್ತು ಪವರ್ ಸಪ್ಲೈ ಕೊಡಬಲ್ಲ ಕರೆಂಟಿನಿಂದ ಬರುತ್ತದೆ. ಬೋರ್ಡಿಗೆ ಪ್ಲಸ್ 45 ಮತ್ತು ಮೈನಸ್ 45 ವೋಲ್ಟ್ ಇದ್ದರೆ, ಟ್ರಾನ್ಸಿಸ್ಟರ್‌ಗಳಲ್ಲಿ ಕಳೆಯುವುದು ಕಳೆದು ಸ್ಪೀಕರಿಗೆ ಹೆಚ್ಚೆಂದರೆ 42 ವೋಲ್ಟಿನ ತುದಿ (ಅಲೆಯ ಗರಿಷ್ಠ ಎತ್ತರ) ಸಿಗುತ್ತದೆ, ಅಂದರೆ ಶಕ್ತಿಯ ಲೆಕ್ಕಕ್ಕೆ ಹಿಡಿಯಬೇಕಾದದ್ದು ಸುಮಾರು 30 ವೋಲ್ಟ್ ಆರ್‌ಎಂಎಸ್. 30ನ್ನು 30ರಿಂದ ಗುಣಿಸಿ 8 ಓಮಿನಿಂದ ಭಾಗಿಸಿದರೆ 112 ವ್ಯಾಟ್. ಪವರ್ ಸಪ್ಲೈ ಗಟ್ಟಿಯಾಗಿದ್ದರೆ 4 ಓಮಿಗೆ 225 ವ್ಯಾಟ್. ಇಂತಹ ಬೋರ್ಡನ್ನು ಒಳಗಿಟ್ಟುಕೊಂಡ ಪೆಟ್ಟಿಗೆಯ ಮೇಲೆ ಪಿಎಂಪಿಒ ಲೆಕ್ಕದಲ್ಲಿ (ಕ್ಷಣಮಾತ್ರದ ಗರಿಷ್ಠವೆಂದು ಉಬ್ಬಿಸಿ ಹೇಳುವ ಲೆಕ್ಕದಲ್ಲಿ) ಯಾವ ಅಂಕಿ ಬರೆದರೂ ಸ್ಪೀಕರಿಗೆ ಹೋಗುವುದು ಅಷ್ಟೇ. 8 ಓಮಿಗೆ ನಿಜವಾದ 500 ವ್ಯಾಟ್ ಕೊಡಬೇಕಾದರೆ 63 ವೋಲ್ಟ್ ಆರ್‌ಎಂಎಸ್ ಬೇಕು, ಅದರ ತುದಿ ಸುಮಾರು 90 ವೋಲ್ಟ್, ಆದ್ದರಿಂದ ಸಪ್ಲೈ ಅದಕ್ಕೂ ಮೇಲಿರಬೇಕು. ಇದನ್ನು ಮೀಟರ್ ಹಿಡಿಯಬಲ್ಲ ಯಾರಾದರೂ ಪರೀಕ್ಷಿಸಬಹುದು, ನಮ್ಮ ಮಾತನ್ನೇ ನಂಬಬೇಕಾಗಿಲ್ಲ.

ಪೆಟ್ಟಿಗೆ ತೆರೆಯಲಾಗದವರು ಪ್ಲಗ್ಗನ್ನಾದರೂ ನೋಡಿ. ಮನೆಯ ಸಣ್ಣ ಪ್ಲಗ್ 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದು ಹೊರಬಲ್ಲದ್ದು 1380 ವ್ಯಾಟ್. ಸಂಗೀತದ ಸರಾಸರಿ ಶಕ್ತಿ ಅದರ ಗರಿಷ್ಠಕ್ಕಿಂತ ಬಹಳ ಕಡಿಮೆಯಿರುವುದರಿಂದ ಆಂಪ್ಲಿಫೈಯರ್ ಲೈನಿನಿಂದ ಎಳೆಯುವುದೂ ಅದರ ಪೂರ್ಣ ಸಾಮರ್ಥ್ಯಕ್ಕಿಂತ ಕಡಿಮೆಯೇ ಎಂಬುದು ನಿಜ. ಆದರೂ ಡಿಜೆಯ ಬಿಗಿಯಾದ ಬೇಸನ್ನು ಗಂಟೆಗಟ್ಟಲೆ ನುಡಿಸಬೇಕಾದ 4000 ವ್ಯಾಟಿನ ಯಂತ್ರಕ್ಕೆ ಆ ಸಣ್ಣ ಪ್ಲಗ್ ಹೊಂದುವುದಿಲ್ಲ.

ಇನ್ನೊಂದು ಮಾತು. ಶಕ್ತಿ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 94 ಡೆಸಿಬಲ್ ಸೆನ್ಸಿಟಿವಿಟಿಯ (ಅಂದರೆ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುವ) ಸ್ಪೀಕರಿನ ಬದಲು 97 ಡೆಸಿಬಲ್ಲಿನದನ್ನು ಹಾಕಿಕೊಂಡವರಿಗೆ ಆಂಪ್ಲಿಫೈಯರನ್ನು ದುಪ್ಪಟ್ಟು ಮಾಡಿದಷ್ಟೇ ಫಲ ಸಿಗುತ್ತದೆ. ಇದನ್ನು ಹೇಳಿ, ದೊಡ್ಡ ಆಂಪ್ಲಿಫೈಯರ್ ಕೊಳ್ಳಲು ಬಂದವರನ್ನು ಒಳ್ಳೆಯ ಸ್ಪೀಕರ್ ಕೊಳ್ಳಿರೆಂದು ಕಳುಹಿಸಿದ್ದೇವೆ. ಆ ವ್ಯಾಪಾರ ಹೋಯಿತೆಂದು ನಮಗೆ ಬೇಸರವಿಲ್ಲ.

ಬೆಲೆಯ ವಿಷಯಕ್ಕೆ ಬರೋಣ, ಏಕೆಂದರೆ ಏರಿಕೆಯೆಲ್ಲ ನಮ್ಮ ಲಾಭಕ್ಕೆ ಸೇರುತ್ತದೆಂಬ ಭಾವನೆ ಇದ್ದಂತಿದೆ. ಪವರ್ ಸಪ್ಲೈಯಲ್ಲಿರುವ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರಿನಲ್ಲಿ ದುಡ್ಡೆಲ್ಲ ತಾಮ್ರದ ತಂತಿ ಮತ್ತು ಅದನ್ನು ಸುತ್ತುವ ಉಕ್ಕಿನ ಕೋರಿಗೆ ಹೋಗುತ್ತದೆ, ತಾಮ್ರದ ದರ ನಿಲ್ಲುವುದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ, ಡಾಲರಿನ ಲೆಕ್ಕದಲ್ಲಿ. ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಸುತ್ತಿಸಿದರೆ ಅಗ್ಗವಾಗುತ್ತದೆ, ಆದರೆ ಅಷ್ಟೇ ದಪ್ಪದ ಅಲ್ಯೂಮಿನಿಯಂ ತಂತಿಗೆ ರೆಸಿಸ್ಟೆನ್ಸ್ ಒಂದೂವರೆ ಪಟ್ಟಿಗೂ ಹೆಚ್ಚು. ಬೇಸ್ ಬಿದ್ದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ನಾವು ಹಾಗೆ ಸುತ್ತಿಸುವುದಿಲ್ಲ. ನೀವೆಲ್ಲ ಬಲ್ಲ, ಸ್ಪೀಕರಿಗೆ ಶಕ್ತಿ ಕೊಡುವ 5200 ಮತ್ತು 1943 ಟ್ರಾನ್ಸಿಸ್ಟರ್ ಜೋಡಿಯಲ್ಲಿ ನಕಲಿ ಮಾಲು ತುಂಬಿಹೋಗಿದೆ. ಅಕ್ಷರ, ಗುರುತು ಎಲ್ಲವೂ ಅಸಲಿಯಂತೆಯೇ ಇರುತ್ತವೆ, ಒಳಗಿನ ಸಿಲಿಕಾನ್ ಚೂರು ಮಾತ್ರ ಚಿಕ್ಕದು. ಮೆಲ್ಲಗೆ ನುಡಿಸುವಾಗ ಏನೂ ತಿಳಿಯುವುದಿಲ್ಲ. ಲೋಡ್ ಬಿದ್ದಾಗ ಶಾರ್ಟ್ ಆಗುತ್ತದೆ, ಸಪ್ಲೈಯ ಪೂರ್ತಿ ಡಿಸಿ ಸ್ಪೀಕರಿಗೆ ನುಗ್ಗಿ ವಾಯ್ಸ್ ಕಾಯಿಲ್ (ಸ್ಪೀಕರಿನ ಒಳಗಿನ ತಂತಿಯ ಸುರುಳಿ) ಸುಡುತ್ತದೆ. ಆದ್ದರಿಂದಲೇ ನಾವು ಅಸಲಿ ಮಾಲಿಗೆ ಹೆಚ್ಚು ಕೊಡುತ್ತೇವೆ, ಡಿಸಿ ಬಂದೊಡನೆ ಸ್ಪೀಕರನ್ನು ಬೇರ್ಪಡಿಸುವ ಡಿಸಿ ಪ್ರೊಟೆಕ್ಷನ್ ರಿಲೇ ಹಾಕುತ್ತೇವೆ, ಪ್ರತಿಯೊಂದನ್ನೂ ಡಮ್ಮಿ ಲೋಡಿನ (ಸ್ಪೀಕರಿನ ಬದಲು ಹಾಕುವ ರೆಸಿಸ್ಟರಿನ) ಮೇಲೆ ಬಿಸಿಯಾಗುವವರೆಗೆ ಓಡಿಸಿ ಕೊಡುತ್ತೇವೆ. ಇದರ ಮೇಲೆ ಶೇ. 18 ಜಿಎಸ್‌ಟಿ. ಬಿಲ್ಲಿಲ್ಲದೆ ಮಾರುವವರೊಡನೆ ನಮ್ಮ ಬೆಲೆಯನ್ನು ಹೋಲಿಸುವಾಗ ದಯವಿಟ್ಟು ಇವೆಲ್ಲವನ್ನೂ ಎಣಿಸಿ.

ಇಷ್ಟಾಗಿಯೂ ಸ್ಪೀಕರ್ ಸುಟ್ಟಾಗ ಮೊದಲ ಮಾತು ಆಂಪ್ಲಿಫೈಯರಿನ ಮೇಲೆಯೇ ಬರುತ್ತದೆ. ರಿಪೇರಿಗೆ ಬಂದವುಗಳನ್ನು ನೋಡಿದರೆ ಕಾರಣ ಸಾಮಾನ್ಯವಾಗಿ ಜೋಡಣೆಯಲ್ಲಿರುತ್ತದೆ, ಮತ್ತು ಈ ಹೊಸ ಕ್ರಮ ಹುಟ್ಟಿದ್ದು ಅಲ್ಲಿಂದಲೇ. 8 ಓಮಿನ ನಾಲ್ಕು ಬಾಕ್ಸುಗಳನ್ನು ಒಂದೇ ಚಾನೆಲ್ಲಿಗೆ ಪ್ಯಾರಲಲ್ (ಎಲ್ಲವನ್ನೂ ಅದೇ ಎರಡು ತಂತಿಗೆ) ಕೊಟ್ಟರೆ ಲೋಡ್ 2 ಓಮಿಗೆ ಇಳಿಯುತ್ತದೆ, ಕರೆಂಟ್ ಹೆಚ್ಚಿ ಟ್ರಾನ್ಸಿಸ್ಟರುಗಳು ಮಿತಿ ಮೀರಿ ಬಿಸಿಯಾಗುತ್ತವೆ. ಬ್ರಿಡ್ಜ್ ಮಾಡಿ (ಎರಡು ಚಾನೆಲ್ಲುಗಳನ್ನು ಒಂದಾಗಿ ಸೇರಿಸಿ) 4 ಓಮ್ ಹಾಕಿದರೂ ಒಂದೊಂದು ಚಾನೆಲ್ಲಿಗೆ ಕಾಣುವುದು 2 ಓಮೇ. ಹಾಗೆ ಮಾಡಿದರೆ ಶಕ್ತಿ ಹೆಚ್ಚುತ್ತದೆಂಬ ಆಸೆಯೂ ಪೂರ್ತಿ ಕೈಗೂಡುವುದಿಲ್ಲ: 1.5 ಚದರ ಮಿಲಿಮೀಟರಿನ ವೈರನ್ನು 20 ಮೀಟರ್ ಎಳೆದರೆ ಹೋಗಿ ಬರುವ ದಾರಿಯ ರೆಸಿಸ್ಟೆನ್ಸ್ ಅರ್ಧ ಓಮಿನ ಹತ್ತಿರವಾಗುತ್ತದೆ, ಮತ್ತು 2 ಓಮ್ ಲೋಡಿನಲ್ಲಿ ಸ್ಪೀಕರಿಗೆ ಸಲ್ಲಬೇಕಾದ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ಇಲ್ಲವಾಗುತ್ತದೆ. ಕೇಬಲ್ಲಿನ ಉದ್ದ ಕೇಳುವುದು ಇದಕ್ಕಾಗಿಯೇ, ಕುತೂಹಲಕ್ಕಲ್ಲ.

ಕಡಿಮೆ ವ್ಯಾಟಿನ ಆಂಪ್ಲಿಫೈಯರ್ ಹಾಕಿದರೆ ಸ್ಪೀಕರ್ ಕ್ಷೇಮವೆಂಬ ನಂಬಿಕೆಯೂ ಬಲವಾಗಿದೆ. ಸದ್ದು ಸಾಲದೆ ವಾಲ್ಯೂಮನ್ನು ಕೊನೆಗೆ ತಿರುಗಿಸಿ, ಮಿಕ್ಸರಿನಲ್ಲಿ ಬೇಸನ್ನು 6 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರಿನಿಂದ ಆ ಭಾಗಕ್ಕೆ ನಾಲ್ಕು ಪಟ್ಟು ಶಕ್ತಿ ಬೇಡಿದಂತೆ. ಕೊಡಲಾಗದ ಆಂಪ್ಲಿಫೈಯರ್ ಅಲೆಯ ತಲೆ ಕತ್ತರಿಸುತ್ತದೆ. ಪೂರ್ತಿ ಚೌಕವಾದ ಅಲೆಯಲ್ಲಿ ಅಷ್ಟೇ ಎತ್ತರದ ಶುದ್ಧ ಅಲೆಗಿಂತ ಎರಡರಷ್ಟು ಶಕ್ತಿಯಿರುತ್ತದೆ. ಟಾಪ್ ಬಾಕ್ಸಿನಲ್ಲಿ (ಬೇಸ್ ಬಾಕ್ಸಿನ ಮೇಲಿಡುವ ಬಾಕ್ಸಿನಲ್ಲಿ) ಮೊದಲು ಹೋಗುವುದು ಏರು ಸ್ವರಗಳನ್ನು ನುಡಿಸುವ ಹೈ ಫ್ರೀಕ್ವೆನ್ಸಿ ಡ್ರೈವರಿನ ಡಯಾಫ್ರಮ್, ಅಂದರೆ ಅದರ ತೆಳು ಪೊರೆ. ಆದ್ದರಿಂದ 500 ವ್ಯಾಟ್ ಆರ್‌ಎಂಎಸ್ ಸ್ಪೀಕರಿಗೆ ನಿಜವಾದ 500ರಿಂದ 750 ವ್ಯಾಟ್ ಕೊಡುವುದನ್ನೇ ನಾವು ಬಯಸುತ್ತೇವೆ, ಲಿಮಿಟರನ್ನು ಆ ಸ್ಪೀಕರಿಗೆ ಹೊಂದಿಸಿ. ಪೋರ್ಟ್ (ಗಾಳಿ ಹೋಗಿಬರುವ ಕಂಡಿ) ಇರುವ ಬೇಸ್ ಬಾಕ್ಸನ್ನು 40 ಹರ್ಟ್ಸಿಗೆ ಟ್ಯೂನ್ ಮಾಡಿದ್ದರೆ, ಅದಕ್ಕಿಂತ ಕೆಳಗೆ ಒಳಗಿನ ಗಾಳಿ ಕೋನನ್ನು (ಸ್ಪೀಕರಿನ ಕುಣಿಯುವ ಮುಖವನ್ನು) ಹಿಡಿದಿಡುವುದಿಲ್ಲ. ವ್ಯಾಟ್ ಮಿತಿಯೊಳಗಿದ್ದರೂ ಕೋನ್ ಅಳತೆ ಮೀರಿ ಕುಣಿದು ಹರಿಯುತ್ತದೆ. 35 ಹರ್ಟ್ಸಿನ ಆಸುಪಾಸಿನ ಹೈ ಪಾಸ್ ಫಿಲ್ಟರ್ ಇದನ್ನು ತಡೆಯುತ್ತದೆ. ಹೊಸ ಬೆಲೆಯಲ್ಲಿ ಈ ಫಿಲ್ಟರ್ ಮತ್ತು ಲಿಮಿಟರಿಗೆ ಸೇರಿದ ಪಾಲು ಒಂದು ರೀಕೋನಿನ (ಹರಿದ ಕೋನ್ ಬದಲಿಸುವ) ಖರ್ಚಿಗಿಂತ ಕಡಿಮೆ.

ಜನರೇಟರಿನ ಮೇಲೆ, ಅಥವಾ ರಾತ್ರಿ ಲೈನ್ 180 ವೋಲ್ಟಿಗೆ ಇಳಿಯುವ ಊರುಗಳಲ್ಲಿ ಕೆಲಸ ಮಾಡುವವರಿಗೆ ಕ್ಲಾಸ್ ಡಿ ಮಾದರಿಯನ್ನು (ಕಡಿಮೆ ಬಿಸಿಯಾಗುವ ಹಗುರ ಆಂಪ್ಲಿಫೈಯರನ್ನು), ವೋಲ್ಟೇಜನ್ನು ಸ್ಥಿರವಾಗಿಡುವ ಎಸ್‌ಎಂಪಿಎಸ್ (ಎಲೆಕ್ಟ್ರಾನಿಕ್ ಪವರ್ ಸಪ್ಲೈ) ಸಹಿತ, ಸೂಚಿಸುತ್ತೇವೆ. ಟ್ರಾನ್ಸ್‌ಫಾರ್ಮರಿನ ಆಂಪ್ಲಿಫೈಯರ್ ಅಂತಹ ಲೈನಿನಲ್ಲಿ ತನ್ನ ಶಕ್ತಿಯ ಸುಮಾರು ಶೇ. 60 ಮಾತ್ರ ಕೊಡುತ್ತದೆ. ಭಾರವಿಲ್ಲದ್ದರಲ್ಲಿ ಬೇಸ್ ಇರುವುದಿಲ್ಲ ಎನ್ನುವವರು ಅಂಗಡಿಯಲ್ಲಿ ಎರಡನ್ನೂ ಒಂದೇ ಬಾಕ್ಸಿಗೆ ಹಾಕಿ ಕೇಳಬಹುದು.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ. ಹಿಂದೆ ನಮ್ಮಲ್ಲಿ ಕೊಂಡ ಆಂಪ್ಲಿಫೈಯರಿಗೆ ಹೈ ಪಾಸ್ ಫಿಲ್ಟರ್ ಬೇಕಾದವರಿಗೆ ಬಿಡಿಭಾಗದ ಬೆಲೆ ಮಾತ್ರ, ಕೂಲಿಯಿಲ್ಲ. ಸ್ಪೀಕರಿನ ವಿವರ ತಿಳಿಯದವರು, ಲೇಬಲ್ ಕಿತ್ತುಹೋಗಿದ್ದವರು, ಸ್ಪೀಕರನ್ನೇ ತೆಗೆದುಕೊಂಡು ಬನ್ನಿ. ನಿಮ್ಮ ಎದುರಿನಲ್ಲಿಯೇ ಅಳೆದು ಯಾವುದು ಹೊಂದುತ್ತದೆಂದು ಹೇಳುತ್ತೇವೆ, ಕೊಳ್ಳಲೇಬೇಕೆಂದೇನಿಲ್ಲ. ಕಾರ್ಯಕ್ರಮದ ನಡುವೆ ತೊಂದರೆ ಬಂದರೆ ಬಿಲ್ಲಿನಲ್ಲಿರುವ ನಂಬರಿಗೆ ಮೊದಲಿನಂತೆಯೇ, ಎಷ್ಟೇ ಹೊತ್ತಾಗಿದ್ದರೂ ಕರೆ ಮಾಡಿ. ಫೋನ್ ಎತ್ತುವುದು ನಿಮ್ಮ ಆಂಪ್ಲಿಫೈಯರನ್ನು ಜೋಡಿಸಿದವರೇ.

ಇಂತಿ ತಮ್ಮ ವಿಶ್ವಾಸಿಗಳು,
ಅಂಗಡಿಯ ಮಾಲೀಕರು ಮತ್ತು ಕೆಲಸಗಾರರು