ಲಿವರ್ ಎಳೆಯುವವನ ಸಂಬಳ ಎಷ್ಟು?

ಮಾನ್ಯ ಸಂಪಾದಕರೇ,

ನೇಣಿನ ಬದಲು ನೋವು ಕಡಿಮೆ ಇರುವ ಬೇರೆ ದಾರಿ ಹುಡುಕಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಅಂದಿನಿಂದ ಹಗ್ಗವೋ ಚುಚ್ಚುಮದ್ದೋ ಎಂಬ ಚರ್ಚೆ ಪತ್ರಿಕೆಗಳಲ್ಲಿ ಆಗಾಗ ತಲೆಯೆತ್ತುತ್ತದೆ. ಸಾಯುವವನು ಎಷ್ಟು ನಿಮಿಷ ಒದ್ದಾಡುತ್ತಾನೆ ಎಂಬ ಲೆಕ್ಕ ಅದರಲ್ಲಿ ಇರುತ್ತದೆ, ಕೈದಿಯ ಕಾಲಡಿಯ ಹಲಗೆ ಸರಿಸುವ ಲಿವರ್ (ಸನ್ನೆ) ಎಳೆದು ನೇಣು ಹಾಕುವವನ ಸುದ್ದಿ ಮಾತ್ರ ಇರುವುದಿಲ್ಲ. ಮರಣದಂಡನೆ ಬೇಕೋ ಬೇಡವೋ ಎಂಬುದರ ಬಗ್ಗೆ ನನಗೂ ಒಂದು ಅಭಿಪ್ರಾಯವಿದೆ. ಅದು ಈ ಪತ್ರಕ್ಕೆ ಬೇಡ. ನನ್ನ ತಕರಾರು ಆ ಕೆಲಸದಾಳಿನ ಕುರಿತು.

2020ರ ಮಾರ್ಚ್ 20ರ ಬೆಳಗಿನ ಜಾವ ತಿಹಾರ್ ಜೈಲಿನಲ್ಲಿ ನಿರ್ಭಯಾ ಪ್ರಕರಣದ ನಾಲ್ವರನ್ನು ಗಲ್ಲಿಗೇರಿಸಿದವರು ಮೀರತ್‌ನ ಪವನ್ ಜಲ್ಲಾದ್. ಸೈಕಲ್ ಮೇಲೆ ಬಟ್ಟೆ ಹೇರಿಕೊಂಡು ಬೀದಿ ಬೀದಿ ಮಾರುವುದು ಅವರ ಹೊಟ್ಟೆಪಾಡು. ಉತ್ತರ ಪ್ರದೇಶ ಸರ್ಕಾರದಿಂದ ಬರುತ್ತಿದ್ದದ್ದು ತಿಂಗಳಿಗೆ 3 ಸಾವಿರ ರೂಪಾಯಿ, ಆಮೇಲೆ ಅದು 5 ಸಾವಿರವಾಯಿತು. ಇಂದಿರಾ ಗಾಂಧಿ ಹತ್ಯೆ ಪ್ರಕರಣದ ಸತ್ವಂತ್ ಸಿಂಗ್ ಮತ್ತು ಕೇಹರ್ ಸಿಂಗ್ ಅವರನ್ನು 1989ರಲ್ಲಿ ಗಲ್ಲಿಗೇರಿಸಿದ್ದು ಪವನ್ ಅವರ ಅಜ್ಜ ಕಲ್ಲು. ಅಪ್ಪ ಮಮ್ಮುವಿನದೂ ಇದೇ ಕೆಲಸ. ಕೋರ್ಟು, ಕಾನೂನು, ಸಂವಿಧಾನ ಎಲ್ಲ ಇರುವ ದೇಶದಲ್ಲಿ ಈ ಒಂದು ಕೆಲಸವನ್ನು ಮನೆತನದ ವೃತ್ತಿಯಾಗಿ ಬಿಟ್ಟುಕೊಟ್ಟಿದ್ದೇವೆ, ಯಾಕೆಂದರೆ ಬೇರೆ ಯಾರೂ ಬರುವುದಿಲ್ಲ.

ಲಿವರ್ ಎಳೆಯುವುದೇನು ಮಹಾ ಎನ್ನುವವರುಂಟು. ಕೈದಿಯನ್ನು ತೂಕ ಹಾಕಬೇಕು, ಎತ್ತರ ಅಳೆಯಬೇಕು. ಎಷ್ಟು ಅಡಿ ಕೆಳಕ್ಕೆ ಬೀಳಿಸಬೇಕೆಂಬುದು ತೂಕದ ಮೇಲೆ ನಿಂತಿದೆ. ಹಗುರ ದೇಹಕ್ಕೆ ಹೆಚ್ಚು, ಭಾರದ ದೇಹಕ್ಕೆ ಕಡಿಮೆ. ಬಿಹಾರದ ಬಕ್ಸರ್ ಜೈಲಿನ ಕೈದಿಗಳು ಹೊಸೆದ ಹಗ್ಗಕ್ಕೆ, ಕೈದಿಯ ಒಂದೂವರೆ ಪಟ್ಟು ತೂಕದ ಮರಳು ಚೀಲ ಕಟ್ಟಿ ಮೊದಲೇ ಪರೀಕ್ಷೆ ಮಾಡುತ್ತಾರೆ. ಕುಣಿಕೆ ಸಲೀಸಾಗಿ ಜಾರಲೆಂದು ಸೋಪು, ಕಳಿತ ಬಾಳೆಹಣ್ಣು ಸವರುತ್ತಿದ್ದುದಾಗಿ ಕೋಲ್ಕತ್ತದಲ್ಲಿ ನೇಣು ಹಾಕುವ ಕೆಲಸ ಮಾಡುತ್ತಿದ್ದ ನಾಟಾ ಮಲ್ಲಿಕ್ ಹೇಳುತ್ತಿದ್ದರು. ಅಳತೆ ಕಡಿಮೆಯಾದರೆ ಕುತ್ತಿಗೆ ಮುರಿಯದೆ ಉಸಿರುಗಟ್ಟಿ ನರಳುತ್ತಾನೆ, ಹೆಚ್ಚಾದರೆ ರುಂಡವೇ ಹರಿದು ಬರಬಹುದು. ಇಷ್ಟು ಹೊಣೆಯ ಕೆಲಸಕ್ಕೆ ಬಟ್ಟೆ ಮಾರುವವರನ್ನು ಕರೆದು, ಮುಗಿದ ಮೇಲೆ ಮತ್ತೆ ಸೈಕಲ್ ಹತ್ತಿಸಿ ಕಳಿಸುತ್ತೇವೆ.

ಮಲ್ಲಿಕ್ 2004ರ ಆಗಸ್ಟ್ 14ರಂದು ಆಲಿಪುರ ಜೈಲಿನಲ್ಲಿ ಅತ್ಯಾಚಾರ, ಕೊಲೆ ಪ್ರಕರಣದ ಅಪರಾಧಿ ಧನಂಜಯ ಚಟರ್ಜಿಯನ್ನು ಗಲ್ಲಿಗೇರಿಸಿದಾಗ ಅವರಿಗೆ 80 ದಾಟಿತ್ತು. ಮನೆಯವರಿಗೊಂದು ಸರ್ಕಾರಿ ಕೆಲಸ ಕೊಡಿ ಎಂದು ಆ ವಯಸ್ಸಿನಲ್ಲೂ ಕೇಳುತ್ತಿದ್ದರು. ಬಳಿಕ ನೇಣಿನ ಹಗ್ಗದ ತುಂಡು ತಾಯಿತಕ್ಕೆ ಬೇಕೆಂದು ಜನ ಅವರ ಮನೆ ಹುಡುಕಿಕೊಂಡು ಹೋದರಂತೆ. ಅದಕ್ಕೇನೂ ಅಳುಕಿಲ್ಲ ನಮ್ಮ ಜನಕ್ಕೆ!

ನಾನು ಕೋರ್ಟು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವ. ಮರಣದಂಡನೆಗೆ ರುಜು ಹಾಕಿದ ಪೆನ್ನಿನ ನಿಬ್ ಮುರಿಯುವ ವಾಡಿಕೆ ನ್ಯಾಯಾಧೀಶರಲ್ಲಿದೆ. ಪಾಪದಿಂದ ಕೈ ತೊಳೆದುಕೊಳ್ಳಲು ಈಗಿನ ಕೇರಳದಲ್ಲಿದ್ದ ತಿರುವಾಂಕೂರು ಸಂಸ್ಥಾನದಲ್ಲಿ ಇನ್ನೂ ಜಾಣತನದ ವ್ಯವಸ್ಥೆ ಇತ್ತೆಂದು ಕತೆ: ಅರಸರ ಕ್ಷಮಾದಾನದ ಆಜ್ಞೆ ಹೊರಡುತ್ತಿತ್ತು, ಆದರೆ ನೇಣು ಮುಗಿದ ಮೇಲೆಯೇ ಜೈಲು ತಲುಪುತ್ತಿತ್ತು. ಪಾಪ ಅರಮನೆಗೆ ತಟ್ಟಲಿಲ್ಲ, ನೇಣು ಹಾಕಿದವನ ಮನೆಗೆ ಹೋಯಿತು. ಕೊನೆಗೆ 1944ರಲ್ಲಿ ಆ ಸಂಸ್ಥಾನ ಮರಣದಂಡನೆಯನ್ನೇ ತೆಗೆದುಹಾಕಿತ್ತು ಎಂಬುದನ್ನೂ ಹೇಳಬೇಕು.

ನಮ್ಮ ರಾಜ್ಯದ ನೇಣುಗಂಬ ಇರುವುದು ಇಲ್ಲೇ ಹಿಂಡಲಗಾ ಜೈಲಿನಲ್ಲಿ. ಅಲ್ಲಿ ಕೊನೆಯ ಬಾರಿ ಗಲ್ಲಾದದ್ದು 1983ರಲ್ಲಿ. ಪಾಲಾರ್ ಸ್ಫೋಟ ಪ್ರಕರಣದಲ್ಲಿ ವೀರಪ್ಪನ್‌ನ ನಾಲ್ವರು ಸಹಚರರ ಕ್ಷಮಾದಾನ ಅರ್ಜಿ 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾದಾಗ ನೇಣುಗಂಬ ಇತ್ತು, ಹಾಕುವವರು ಇರಲಿಲ್ಲ. ಮರುವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟು ವಿಳಂಬದ ಕಾರಣಕ್ಕೆ ಆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು, ಸರ್ಕಾರ ನಿಟ್ಟುಸಿರು ಬಿಟ್ಟಿತು. ಕೋರ್ಟು ಹಾಗೆ ತೀರ್ಪು ಕೊಡದಿದ್ದರೆ ಯಾವನೋ ಬಡ ವಾರ್ಡರ್‌ನನ್ನು ಆ ಕಟ್ಟೆ ಹತ್ತಿಸುತ್ತಿದ್ದರೇನೋ.

ನಿರ್ಭಯಾ ಪ್ರಕರಣದ ಹೊತ್ತಿಗೆ ಸಂಬಳವಿಲ್ಲದೆ ನೇಣು ಹಾಕಲು ನಾನು ಸಿದ್ಧ ಎಂದು ತಿಹಾರ್ ಜೈಲಿಗೆ ಪತ್ರ ಬರೆದವರೂ ಇದ್ದರು. ಒಂದು ದಿನದ ಆವೇಶಕ್ಕೆ ಜನ ಸಿಗುತ್ತಾರೆ. ಸರ್ಕಾರಕ್ಕೆ ಈ ಶಿಕ್ಷೆ ಬೇಕೇ ಬೇಕೆಂದಿದ್ದರೆ ಖಾಯಂ ಹುದ್ದೆ ಸೃಷ್ಟಿಸಿ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಲಿ. ವಿದ್ಯಾರ್ಹತೆ, ವೇತನ ಶ್ರೇಣಿ, ಪಿಂಚಣಿ, ತರಬೇತಿ, ಮನೋವೈದ್ಯರ ನೆರವು ಎಲ್ಲವನ್ನೂ ಬರೆಯಲಿ. ಹಾಗೆ ಬರೆಯಲು ಕೈ ನಡುಗುತ್ತದೆ ಅಂತಾದರೆ ಆ ನಡುಕದ ಕಾರಣವನ್ನು ವಿಧಾನಸಭೆಯಲ್ಲಿ ಚರ್ಚಿಸಲಿ.

ಪತ್ರಕರ್ತ ಮಿತ್ರರಿಗೂ ಒಂದು ವಿನಂತಿ. ಮುಂದೆ ಇಂಥವರ ಸಂದರ್ಶನ ಮಾಡುವಾಗ, ಲಿವರ್ ಎಳೆದಾಗ ಏನನ್ನಿಸಿತು ಎಂದು ಕೇಳುವ ಮೊದಲು ಹೋದ ತಿಂಗಳ ಹಣ ಬಂತೇ ಎಂದು ಕೇಳಿ.

ಇತಿ ನಿಮ್ಮ ಓದುಗ,
ನಿವೃತ್ತ ನ್ಯಾಯಾಲಯ ನೌಕರ, ಬೆಳಗಾವಿ